ಮೂರನೇ ಕ್ಲಾಸಿನ ಮಗಳಿಗೆ ಟೆನ್ಸ್ ಬಾಯಿಪಾಠ ಮಾಡಿಸಬೇಕಾ?

ಪ್ರಶ್ನೆ: ನಾವು ಅರಸೀಕೆರೆಯವರು. ಮನೆಯವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳಿಗೆ 8 ವರ್ಷ, ಸರ್ಕಾರಿ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು. ಕನ್ನಡ ಚೆನ್ನಾಗಿ ಓದುತ್ತಾಳೆ, ಲೆಕ್ಕದಲ್ಲೂ ಪರವಾಗಿಲ್ಲ. ಇಂಗ್ಲಿಷ್ ಮಾತ್ರ ಬರಲ್ಲ. ಪಕ್ಕದ ಮನೆ ಹುಡುಗ ಇವಳಿಗಿಂತ ಚಿಕ್ಕವನು, ಕಾನ್ವೆಂಟಿಗೆ ಹೋಗುತ್ತಾನೆ, 'ಮೈಸೆಲ್ಫ್' ಅಂತ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ಅದನ್ನು ನೋಡಿ ದಸರಾ ಆದಮೇಲೆ ಇವಳನ್ನೂ ಟ್ಯೂಷನ್ನಿಗೆ ಹಾಕಿದೆವು. ಅಲ್ಲಿ ದಿನಕ್ಕೆ ಹತ್ತು ಪದ ಐದೈದು ಸಲ ಬರೆಸುತ್ತಾರೆ, 'ಗೋ-ವೆಂಟ್-ಗಾನ್' ಬಾಯಿಪಾಠ ಮಾಡಿಸುತ್ತಾರೆ. ನೌನ್ ಅಂದರೇನು, ವರ್ಬ್ ಅಂದರೇನು ಅಂತ ಕೇಳಿದರೆ ಪಟಪಟ ಹೇಳುತ್ತಾಳೆ. ಆದರೆ ಮಾತಾಡು ಅಂದರೆ 'ಐ ಈಸ್ ಗೋಯಿಂಗ್ ಸ್ಕೂಲ್' ಅನ್ನುತ್ತಾಳೆ. ಈಗೀಗ ಟ್ಯೂಷನ್ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ, ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷೇ ಮಾತಾಡಿ ಅನ್ನುತ್ತಾನೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ನನ್ನ ಇಂಗ್ಲಿಷ್ ಕೇಳಿ ಅವಳದ್ದೂ ಹಾಳಾಗುತ್ತೆ ಅನ್ನುವ ಭಯ. ವಯಸ್ಸು ಮೀರಿತಾ? ಮೊದಲು ಗ್ರಾಮರ್ ಕಲಿಸಬೇಕಾ, ಪದಗಳನ್ನಾ? ಬರುವ ಜೂನ್‌ಗೆ ಇಂಗ್ಲಿಷ್ ಮೀಡಿಯಂಗೆ ಹಾಕಿಬಿಡಬೇಕಾ?

ಉತ್ತರ: ನೀವು ಕೇಳಿರುವ ಪ್ರಶ್ನೆ ಮೂರ್ನಾಲ್ಕು, ಆದರೆ ಚಿಂತೆ ಒಂದೇ ಅಂತ ನನಗನ್ನಿಸುತ್ತೆ. ಮಗಳು ಹಿಂದೆ ಬಿದ್ದಳಾ, ಅದಕ್ಕೆ ನಾವೇ ಕಾರಣವಾ ಅಂತ. ಹಿಂದೆ ಬಿದ್ದಿಲ್ಲ. ಪ್ರೈಮರಿ ಶಾಲೆಯ ಮೇಷ್ಟ್ರುಗಳಿಗೆ ಇಂಗ್ಲಿಷ್ ಕಲಿಸುವ ತರಬೇತಿ ಕೊಡುವುದೇ ನನ್ನ ಕೆಲಸ, ಹಾಗಾಗಿ ಇಂಥ ಮಕ್ಕಳನ್ನು ಬಹಳ ನೋಡಿದ್ದೇನೆ. ನೀವು ತಪ್ಪು ಅಂತ ಬರೆದು ಕಳಿಸಿದ ಆ ವಾಕ್ಯವನ್ನೇ ಒಂದು ಸಲ ಸರಿಯಾಗಿ ನೋಡೋಣ.

'ಐ ಈಸ್ ಗೋಯಿಂಗ್ ಸ್ಕೂಲ್.' ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, 'ನಾನು ಸ್ಕೂಲಿಗೆ ಹೋಗ್ತಿದೀನಿ' ಅಂತ. ಸುಮ್ನೆ ಪದಕ್ಕೆ ಪದ ಹಾಕಿದ್ದರೆ ಅವಳು 'ಐ ಸ್ಕೂಲ್ ಗೋಯಿಂಗ್' ಅನ್ನಬೇಕಿತ್ತು. ಅನ್ನಲಿಲ್ಲ. ಹೋಗುವ ಕೆಲಸವನ್ನು ಮುಂದೆ ತಂದಿದ್ದಾಳೆ, ಶಾಲೆಯನ್ನು ಹಿಂದೆ ಹಾಕಿದ್ದಾಳೆ. ಈಗ ನಡೆಯುತ್ತಿರುವ ಕೆಲಸಕ್ಕೆ 'ಇಂಗ್' ಬೇಕು ಅನ್ನುವುದು ಗೊತ್ತಾಗಿದೆ. ನಡುವೆ 'ಆಮ್, ಈಸ್, ಆರ್' ಪೈಕಿ ಏನೋ ಒಂದು ಬರಬೇಕು ಅನ್ನುವುದೂ ಗೊತ್ತಾಗಿದೆ, ಯಾವುದು ಅನ್ನುವುದಷ್ಟೇ ತಪ್ಪಿದೆ. 'ಟು' ಬಿಟ್ಟಿದ್ದಾಳೆ, ಯಾಕೆಂದರೆ ನಮ್ಮಲ್ಲಿ ಆ ಕೆಲಸವನ್ನು ಪದದ ಬಾಲಕ್ಕೆ ಅಂಟುವ 'ಗೆ' ಮಾಡುತ್ತದೆ, ಮೊದಲೇ ಬಂದು ನಿಲ್ಲುವ ಪದ ಅಲ್ಲ. ಇಷ್ಟೆಲ್ಲ ಒಂದು ಚಿಕ್ಕ ವಾಕ್ಯದಲ್ಲಿದೆ. ಇದು ಬಾಯಿಪಾಠದಿಂದ ಬಂದದ್ದಲ್ಲ. ಬಾಯಿಪಾಠ ಆಗಿದ್ದರೆ ಒಂದೋ ಪೂರ್ತಿ ಸರಿ ಇರುತ್ತಿತ್ತು, ಇಲ್ಲ ಬಾಯೇ ಬಿಡುತ್ತಿರಲಿಲ್ಲ. ಅವಳೇ ಕಟ್ಟಿದ ವಾಕ್ಯ ಇದು.

ಪಕ್ಕದ ಮನೆ ಹುಡುಗನನ್ನು ಕಡಿಮೆ ಮಾಡಿ ಮಾತಾಡುವುದು ಬೇಡ. ಆದರೆ 'ಮೈಸೆಲ್ಫ್' ಅನ್ನುವುದು ಬಾಯಿಪಾಠ. ಅವನನ್ನು ಒಂದು ದಿನ ಪ್ರೀತಿಯಿಂದಲೇ 'ವಾಟ್ ಡಿಡ್ ಯು ಈಟ್ ಟುಡೇ?' ಅಂತ ಕೇಳಿ ನೋಡಿ. 'ದೋಸೆ' ಅಂದರೆ ಅವನಿಗೆ ಇಂಗ್ಲಿಷ್ ಅರ್ಥವಾಗುತ್ತಿದೆ, ಒಳ್ಳೆಯದು. ಮತ್ತೆ 'ಮೈಸೆಲ್ಫ್' ಶುರು ಮಾಡಿದರೆ ನಿಮ್ಮ ಮಗಳು ಮತ್ತು ಅವನು ಹೆಚ್ಚುಕಮ್ಮಿ ಒಂದೇ ಕಡೆ ಇದ್ದಾರೆ ಅಂತ ಅಂದುಕೊಳ್ಳಿ.

ಈಗ ವಯಸ್ಸಿನ ವಿಷಯ. ನೀವು ಓದುವಾಗ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಶುರುವಾಗಿರಬೇಕು, ಅಲ್ವಾ? 2007-08ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಪಾಠ ಇದೆ. ಬೇಗ ಶುರು ಮಾಡಿದಷ್ಟೂ ಚೆನ್ನ ಅನ್ನುವ ಮಾತು ಸುತ್ತಮುತ್ತ ಎಲ್ಲರೂ ಆ ಭಾಷೆ ಆಡುವ ಕಡೆ ನಿಜ. ವಾರಕ್ಕೆ ಕೆಲವೇ ಪಿರಿಯಡ್ ಇರುವ ಶಾಲೆಯ ಕಥೆ ಬೇರೆ. ಸ್ಪೇನಿನ ಬಾರ್ಸಿಲೋನಾದಲ್ಲಿ 8ನೇ ವಯಸ್ಸಿಗೆ ಇಂಗ್ಲಿಷ್ ಶುರು ಮಾಡಿದ ಮಕ್ಕಳನ್ನೂ 11ಕ್ಕೆ ಶುರು ಮಾಡಿದ ಮಕ್ಕಳನ್ನೂ, ಇಬ್ಬರಿಗೂ ಅಷ್ಟಷ್ಟೇ ಗಂಟೆ ಪಾಠ ಆದಮೇಲೆ ಹೋಲಿಸಿ ನೋಡಿದರು. ತಡವಾಗಿ ಶುರು ಮಾಡಿದವರೇ ಒಟ್ಟಾರೆ ಮುಂದಿದ್ದರು. ದೊಡ್ಡ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಓದು ಬರಹ ಗಟ್ಟಿಯಾಗಿರುತ್ತದೆ, ಪಾಠದಿಂದ ಬೇಗ ಹಿಡಿಯುತ್ತಾರೆ. ಹಾಗಂತ 11ರವರೆಗೆ ಕಾಯಿರಿ ಅಂತ ನಾನು ಹೇಳುತ್ತಿಲ್ಲ. 8ಕ್ಕೆ ವಯಸ್ಸು ಮೀರಿತು ಅನ್ನುವುದು ಸುಳ್ಳು, ಅಷ್ಟೇ.

ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಸಾಲು 'ಕನ್ನಡ ಚೆನ್ನಾಗಿ ಓದುತ್ತಾಳೆ' ಅನ್ನುವುದು. ಇಂಗ್ಲಿಷ್ ಬರಲ್ಲ ಅಂತ ಯಾರು ಮಗುವನ್ನು ಕರೆತಂದರೂ ನಾನು ಮೊದಲು ಕನ್ನಡ ಓದಿಸುತ್ತೇನೆ. ಮೂರನೇ ಕ್ಲಾಸಿನ ಮಗು ಒತ್ತಕ್ಷರದ ಹತ್ತಿರ ನಿಂತು ನಿಂತು ಓದುತ್ತಿದ್ದರೆ, ಓದಿದ್ದೇನು ಅಂತ ಕೇಳಿದಾಗ ಹೇಳಲು ಆಗದಿದ್ದರೆ, ತೊಂದರೆ ಇಂಗ್ಲಿಷಿನದ್ದಲ್ಲ. ಮೊದಲು ಕಣ್ಣು, ಕಿವಿ ತೋರಿಸಬೇಕು. ಆಮೇಲೂ ಅನುಮಾನ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆ ಮಾಡಿಸಬೇಕು. ಅಂಥ ಮಗುವಿನ ಮೇಲೆ ಇಂಗ್ಲಿಷ್ ಟ್ಯೂಷನ್ ಹೇರುವುದು ಅನ್ಯಾಯ. ನಿಮ್ಮ ಮಗಳ ವಿಷಯದಲ್ಲಿ ಅದರ ಅಗತ್ಯ ನನಗೆ ಕಾಣುತ್ತಿಲ್ಲ.

ಕನ್ನಡ ನಿಲ್ಲಿಸಿ ಅಂದ ನಿಮ್ಮ ತಮ್ಮನಿಗೆ ಏನು ಹೇಳಬೇಕು? ಅವರ ಕಾಳಜಿ ಸರಿ, ಸಲಹೆ ಸರಿಯಿಲ್ಲ. ಮನೆಯಲ್ಲಿ ಮಗು ಯಾಕೆ, ಹೇಗೆ, ಆಮೇಲೇನಾಯ್ತು ಅಂತ ಕೇಳುತ್ತಿರುತ್ತದೆ. ಅದಕ್ಕೆಲ್ಲ ಉತ್ತರ ಕೊಡಲು ನಿಮ್ಮ ಹತ್ತಿರ ಇರುವುದು ಕನ್ನಡ. ಅದನ್ನು ನಿಲ್ಲಿಸಿದರೆ ಉಳಿಯುವುದು 'ಕಮ್, ಗೋ, ಸಿಟ್, ಈಟ್'. ಹೀಗೆ ಮಾಡಿದ ಮನೆಗಳನ್ನು ನೋಡಿದ್ದೇನೆ. ಮಾತು ಎಷ್ಟು ಕಡಿಮೆಯಾಗಿಬಿಡುತ್ತದೆ ಅಂದರೆ, ಅಮ್ಮ ಮಗು ಇಬ್ಬರೂ ದಿನವಿಡೀ ಆರ್ಡರ್ ಕೊಟ್ಟು ಆರ್ಡರ್ ತಗೊಳ್ಳುವ ಹಾಗೆ ಆಗುತ್ತದೆ, ಕಥೆ ಇಲ್ಲ, ತಮಾಷೆ ಇಲ್ಲ, ಜಗಳ ಕೂಡ ಇಲ್ಲ. ಒಂದು ಭಾಷೆಯಲ್ಲಿ ಯೋಚನೆ ಮಾಡಲು, ಓದಿದ್ದನ್ನು ಹೇಳಲು ಕಲಿತದ್ದು ಇನ್ನೊಂದಕ್ಕೂ ಬರುತ್ತದೆ. ಅದು ಇಲ್ಲದಿದ್ದರೆ ಎರಡೂ ಅರೆಬರೆ. ಕನ್ನಡ ಇರಲಿ. ಇಂಗ್ಲಿಷಿಗೆ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಿ, ಸಾಕು.

ಗ್ರಾಮರಾ, ಪದಗಳಾ ಅಂತ ಕೇಳಿದ್ದೀರಿ. ಈ ವಿಷಯ ಸ್ವಲ್ಪ ಉದ್ದ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಎಂಟು ವರ್ಷದ ಮಗುವಿಗೆ ವ್ಯಾಕರಣ ಬೇಕು, ವ್ಯಾಕರಣದ ಹೆಸರುಗಳು ಬೇಡ. ನೌನ್ ಅಂದರೆ ವ್ಯಕ್ತಿ, ಸ್ಥಳ ಅಥವಾ ವಸ್ತುವಿನ ಹೆಸರು ಅಂತ ಹೇಳಿಸುವುದು, ಸೈಕಲ್ ಕಲಿಯುವ ಮಗುವಿಗೆ ಚೈನಿನ ಹಲ್ಲು ಎಣಿಸು ಅಂದ ಹಾಗೆ. ಎಣಿಸುತ್ತದೆ, ಸೈಕಲ್ ಮಾತ್ರ ಹೋಗಲ್ಲ. ಇನ್ನೊಂದು ಕಡೆ, ದಿನಕ್ಕೆ ಹತ್ತು ಬಿಡಿ ಪದ ಬರೆಸುವುದೂ ಅಷ್ಟಕ್ಕಷ್ಟೇ. ಬಿಡಿ ಪದಗಳು ನಿಮ್ಮ ಮಗಳಿಗೆ ಈಗಾಗಲೇ ಗೊತ್ತಿವೆ. ಬಕೆಟ್, ಮಗ್, ಸೋಪು, ಟವೆಲ್, ಸ್ವಿಚ್, ಫ್ಯಾನ್, ಗೇಟು, ಬೀರು ಕೀ, ಬಸ್ ಸ್ಟ್ಯಾಂಡ್, ಟಿಕೆಟ್, ಪ್ಲಾಟ್‌ಫಾರ್ಮ್, ಚಾರ್ಜರ್. ಒಂದು ಸಂಜೆ ಇಬ್ಬರೂ ಕೂತು ಮನೆಯಲ್ಲಿ, ಬೀದಿಯಲ್ಲಿ ದಿನಾ ಆಡುವ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಪಟ್ಟಿ ಮಾಡಿ ನೋಡಿ, ನೂರು ದಾಟುವುದು ಕಷ್ಟವಲ್ಲ. ಇಂಗ್ಲಿಷ್ ಬರಲ್ಲ ಅನ್ನುವ ಮಗುವಿಗೆ ಈ ಪಟ್ಟಿ ತೋರಿಸಿದರೆ ಮುಖ ಹೇಗೆ ಅರಳುತ್ತದೆ ನೋಡಿ.

ಹಾಗಾದರೆ ಕೊರತೆ ಯಾವುದು? ಆ ಪದಗಳನ್ನು ಜೋಡಿಸುವ ಸಣ್ಣ ಪದಗಳು. ಇನ್, ಆನ್, ಟು, ಮೈ, ಹ್ಯಾವ್, ವಾಂಟ್, ದಿಸ್, ವೇರ್, ಕ್ಯಾನ್. ಎಡ್ವರ್ಡ್ ಡಾಲ್ಚ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು 1936ರಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಇಂಥ 220 ಪದಗಳ ಪಟ್ಟಿ ಮಾಡಿದರು, ಅದರಲ್ಲಿ ನಾಮಪದಗಳನ್ನು ಸೇರಿಸಲೇ ಇಲ್ಲ. ಇವತ್ತಿಗೂ ಆ ಪಟ್ಟಿ ಬಳಕೆಯಲ್ಲಿದೆ. ಆದರೆ ಟ್ಯೂಷನ್ನಿನಲ್ಲಿ ಬರೆಸುವುದು ಸಾಮಾನ್ಯವಾಗಿ ಆನೆ, ಛತ್ರಿ, ಹಡಗು, ಗೂಬೆ. ಅರಸೀಕೆರೆಯಲ್ಲಿ ಹಡಗಿನ ಬಗ್ಗೆ ದಿನಕ್ಕೆ ಎಷ್ಟು ಸಲ ಮಾತಾಡುತ್ತೀರಿ ಹೇಳಿ!

ಈ ಸಣ್ಣ ಪದಗಳನ್ನು ಬಿಡಿಬಿಡಿಯಾಗಿ ಕಲಿಸಲು ಆಗುವುದಿಲ್ಲ. 'ಕಪ್ ಆಫ್ ಟೀ' ಅನ್ನುವಲ್ಲಿಯ 'ಆಫ್' ಅಂದರೆ ಏನು ಅಂತ ಮಗುವಿಗೆ ಹೇಗೆ ಹೇಳುತ್ತೀರಿ? ಆದ್ದರಿಂದ ಇಡೀ ತುಂಡು ಕೊಡಿ. 'ಗಿವ್ ಮಿ ದ ಸ್ಪೂನ್.' 'ವೇರ್ ಈಸ್ ಮೈ ಬ್ಯಾಗ್?' 'ಐ ಹ್ಯಾವ್ ಟೂ ಪೆನ್ಸಿಲ್ಸ್.' 'ಐ ಡೋಂಟ್ ವಾಂಟ್ ಉಪ್ಪಿಟ್ಟು.' ಒಂದು ತುಂಡು ನಾಲಿಗೆಗೆ ಕೂತಮೇಲೆ ಒಂದೇ ಪದ ಬದಲಿಸಿ. ಸ್ಪೂನ್ ಹೋಗಿ ಪ್ಲೇಟ್ ಬರಲಿ, ಪ್ಲೇಟ್ ಹೋಗಿ ಟವೆಲ್ ಬರಲಿ. ಉಪ್ಪಿಟ್ಟನ್ನು ಉಪ್ಪಿಟ್ಟು ಅಂತಲೇ ಬಿಡಿ, ಅದಕ್ಕೊಂದು ಇಂಗ್ಲಿಷ್ ಹುಡುಕಲು ಹೋಗಬೇಡಿ. ಕನ್ನಡ ಪದ ನಡುವೆ ಬಂದರೆ ವಾಕ್ಯದ ಎಲುಬು ಮುರಿಯಲ್ಲ.

ನಿಯಮ ಹೇಳಿಕೊಡದೆ ಇಂಗ್ಲಿಷ್ ಕಲಿಸುವುದನ್ನು ನಮ್ಮ ಬೆಂಗಳೂರಿನಲ್ಲೇ ಪ್ರಯೋಗ ಮಾಡಿ ನೋಡಿದ್ದಾರೆ. ಎನ್. ಎಸ್. ಪ್ರಭು ಅನ್ನುವ ಇಂಗ್ಲಿಷ್ ಬೋಧನೆಯ ತಜ್ಞರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನೇ ಬಿಟ್ಟು ಮಕ್ಕಳಿಗೆ ಕೆಲಸ ಕೊಟ್ಟರು. ನಕ್ಷೆ ನೋಡಿ ದಾರಿ ಹೇಳು, ರೈಲಿನ ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕು ಹೇಳು, ಇಂಥವು. ಗಮನವೆಲ್ಲ ಉತ್ತರ ಕಂಡುಹಿಡಿಯುವುದರ ಮೇಲೆ, ಭಾಷೆ ಅದರ ಬೆನ್ನಿಗೆ ಬರುತ್ತದೆ ಅನ್ನುವುದು ಅವರ ನಂಬಿಕೆ. ಇದಕ್ಕೆ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರು, ಹೊರದೇಶಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಲು ಓದುವವರು ಇದನ್ನು ಓದುತ್ತಾರೆ. ನಮ್ಮವರಿಗೆ ಗೊತ್ತಿರುವುದು ಕಡಿಮೆ, ಅದು ಬಿಡಿ. ನಿಮ್ಮ ಊರು ರೈಲ್ವೆ ಜಂಕ್ಷನ್. ಬೋರ್ಡಿನಲ್ಲಿ ಊರಿನ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರುತ್ತದೆ, ಮೈಕಿನಲ್ಲಿ ಅದೇ ವಿಷಯ ಮೂರು ಭಾಷೆಯಲ್ಲಿ ಕೇಳುತ್ತದೆ. ಕನ್ನಡದಲ್ಲಿ ಕೇಳಿ ಅರ್ಥವಾದದ್ದು ಅರೆ ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಬರುತ್ತದೆ. ಇದಕ್ಕಿಂತ ಒಳ್ಳೆಯ ಲಿಸನಿಂಗ್ ಪಾಠ ಯಾವ ಟ್ಯೂಷನ್ನಿನಲ್ಲಿದೆ? ಊರಿಗೆ ಹೋಗುವಾಗ ಅವಳಿಗೆ ಒಂದು ಕೆಲಸ ಕೊಡಿ: ನಮ್ಮ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ, ಇಂಗ್ಲಿಷಿನಲ್ಲಿ ಹೇಳುವಾಗ ಕೇಳಿಸಿಕೊಂಡು ಹೇಳು ಅಂತ.

ಕನ್ನಡದ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಗೊತ್ತಿದ್ದರೆ ನಿಮಗೆ ಅರ್ಧ ಭಯ ಹೋಗುತ್ತದೆ. ನಾವು 'ಎರಡು ತೆಂಗಿನಕಾಯಿ' ಅನ್ನುತ್ತೇವೆ, 'ಐದು ರೂಪಾಯಿ' ಅನ್ನುತ್ತೇವೆ. ಸಂಖ್ಯೆ ಇದ್ದಮೇಲೆ 'ಗಳು' ಯಾಕೆ? ಹಾಗಾಗಿ ಮಗು 'ಟೂ ಕೋಕೊನಟ್' ಅನ್ನುತ್ತದೆ. 'ಹ್ಯಾವ್' ಅನ್ನುವ ಕ್ರಿಯಾಪದ ನಮ್ಮಲ್ಲಿ ಇಲ್ಲವೇ ಇಲ್ಲ, 'ನನ್ನ ಹತ್ರ ಪೆನ್ಸಿಲ್ ಇದೆ' ಅನ್ನುತ್ತೇವೆ, ಆದ್ದರಿಂದ 'ಮೈ ನಿಯರ್ ಪೆನ್ಸಿಲ್' ಅಂತ ಬರುತ್ತದೆ. 'ಇವನು ನನ್ನ ತಮ್ಮ' ಅನ್ನುವಾಗ ನಡುವೆ ಏನೂ ಬೇಕಿಲ್ಲ, ಇಂಗ್ಲಿಷಿಗೆ 'ಈಸ್' ಬೇಕೇ ಬೇಕು. ಒಂದು ಶಾಲೆಯಲ್ಲಿ, ಅವತ್ತು ರಜೆ ಹಾಕಿದ್ದ ಮೇಡಮ್ ಎಲ್ಲಿ ಅಂತ ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು 'ದೇ ಆರ್ ನಾಟ್ ಕಮಿಂಗ್ ಸರ್' ಅಂದ. ಪಕ್ಕದಲ್ಲಿದ್ದ ಮೇಷ್ಟ್ರು ತಲೆ ಚಚ್ಚಿಕೊಂಡರು. ನನಗೆ ಆ ಹುಡುಗನ ಮೇಲೆ ಪ್ರೀತಿ ಬಂತು. ಮೇಡಮ್ ಅಂದಮೇಲೆ 'ಅವರು ಬರಲ್ಲ' ತಾನೇ, 'ಅವಳು ಬರಲ್ಲ' ಅನ್ನಲು ಅವನಿಗೆ ಬಾಯಿ ಬಂದೀತಾ? ಮರ್ಯಾದೆ ಕೊಡಲು ಹೋಗಿ ಬಹುವಚನ ಹಾಕಿದ್ದಾನೆ. ಮೇಡಮ್ಮಿಗೂ 'ಶಿ' ಅಂತಾರೆ, ಅದು ಬೈಗುಳ ಅಲ್ಲ ಅಂತ ಒಂದು ಸಲ ನಗುತ್ತಾ ಹೇಳಿದರೆ ಮುಗಿಯಿತು.

ಎಲ್ಲ ತಪ್ಪೂ ಒಂದೇ ಸಲ ಹೋಗುವುದಿಲ್ಲ, ಅವಕ್ಕೆ ಒಂದು ಸರದಿ ಇದೆ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳ ಮಾತನ್ನು ರೋಜರ್ ಬ್ರೌನ್ ಅನ್ನುವ ಮನಶ್ಶಾಸ್ತ್ರಜ್ಞರು ಬಹಳ ದಿನ ದಾಖಲಿಸಿ 1973ರಲ್ಲಿ ಪ್ರಕಟಿಸಿದರು. 'ಇಂಗ್' ಬೇಗ ಬರುತ್ತದೆ, ಬಹುವಚನದ 'ಸ್' ಅದರ ಹಿಂದೆ ಬರುತ್ತದೆ. 'ಶಿ ಗೋಸ್', 'ಹಿ ಈಟ್ಸ್' ಅನ್ನುವಲ್ಲಿಯ 'ಸ್' ಬಹಳ ತಡ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವ ಮಕ್ಕಳಲ್ಲೂ ಈ 'ಸ್' ಕೊನೆಯ ಕಡೆಗೇ ಬರುತ್ತದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಅಂದರೆ ಲಂಡನ್ನಿನ ಮಗುವಿಗೇ ತಡವಾಗಿ ಬರುವುದನ್ನು ನಾವು ಮೂರನೇ ಕ್ಲಾಸಿನ ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ತುಂಬಿ ಅಂತ ಕೇಳುತ್ತೇವೆ. 'ಎ', 'ದ' ಕಥೆಯೂ ಇದೇ, ಅವಂತೂ ದೊಡ್ಡವರಿಗೇ ಕೊನೆಯವರೆಗೂ ಕೈಕೊಡುತ್ತವೆ. ನಾಳೆ ಅವಳು 'ವೆಂಟ್' ಬಿಟ್ಟು 'ಗೋಡ್' ಅಂದರೆ, 'ಪ್ಲೇಡ್' ಇದ್ದ ಹಾಗೆ ಇದೂ ಇರಬೇಕು ಅಂತ ಲೆಕ್ಕ ಹಾಕಿದ್ದಾಳೆ ಅಂತ ಅರ್ಥ, ಖುಷಿಪಡಿ.

ತಪ್ಪು ಮಾಡಿದಾಗ ತಿದ್ದುವುದು ಹೇಗೆ? ನಿಲ್ಲಿಸಿ 'ಈಸ್ ಅಲ್ಲ, ಆಮ್' ಅನ್ನಬೇಡಿ. ಸರಿಯಾದ ರೂಪದಲ್ಲಿ ಮಾತು ಮುಂದುವರಿಸಿ. ಅವಳು 'ಐ ಈಸ್ ಈಟಿಂಗ್' ಅಂದರೆ ನೀವು 'ಓ, ಯು ಆರ್ ಈಟಿಂಗ್? ಐ ಆಮ್ ಕುಕಿಂಗ್' ಅನ್ನಿ. ಅಷ್ಟೇ. ಅವಳು ಅದನ್ನು ಆ ಕ್ಷಣಕ್ಕೆ ಹಿಡಿಯದೇ ಇರಬಹುದು, ನೂರು ಸಲ ಕೇಳಿದ ಮೇಲೆ ಹಿಡಿಯುತ್ತಾಳೆ. ಕೆಲವು ಮಕ್ಕಳು ತಿಂಗಳುಗಟ್ಟಲೆ ಕೇಳಿಸಿಕೊಳ್ಳುತ್ತಾರೆ, ಮಾತಾಡುವುದೇ ಇಲ್ಲ. ಹೇಳಿದ ಕೆಲಸ ಮಾಡುತ್ತಿದ್ದರೆ ಅರ್ಥವಾಗುತ್ತಿದೆ ಅಂತಲೇ ಲೆಕ್ಕ. ನೆಂಟರ ಮುಂದೆ ನಿಲ್ಲಿಸಿ 'ಇಂಗ್ಲಿಷಿನಲ್ಲಿ ಏನಾದರೂ ಹೇಳು ಪುಟ್ಟ' ಅನ್ನುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಓದಿಸುವಾಗ ಒಂದು ಎಚ್ಚರ ಬೇಕು. ಕನ್ನಡದಲ್ಲಿ 'ಕ' ಅನ್ನುವ ಅಕ್ಷರದ ಹೆಸರೂ 'ಕ', ಸದ್ದೂ 'ಕ'. ಇಂಗ್ಲಿಷಿನಲ್ಲಿ ಹಾಗಲ್ಲ. 'ಸಿ-ಎ-ಟಿ' ಅಂತ ಎಷ್ಟು ಸಲ ಹೇಳಿದರೂ ಅದರಿಂದ 'ಕ್ಯಾಟ್' ಹುಟ್ಟುವುದಿಲ್ಲ. ಅದಕ್ಕೇ ಮಕ್ಕಳು ಸ್ಪೆಲಿಂಗ್ ಹೇಳುತ್ತಾರೆ, ಓದು ಅಂದರೆ ನಿಮ್ಮ ಮುಖ ನೋಡುತ್ತಾರೆ. ಅಕ್ಷರದ ಸದ್ದನ್ನು ಕಲಿಸಿ. 26ನ್ನೂ ಒಟ್ಟಿಗೆ ಬೇಡ. ಎಸ್, ಎ, ಟಿ, ಐ, ಪಿ, ಎನ್ ಈ ಆರು ಸಾಕು. ಇವುಗಳಿಂದಲೇ ಸಿಟ್, ಪಿನ್, ಟಿನ್, ಟ್ಯಾಪ್, ನ್ಯಾಪ್, ಪ್ಯಾನ್, ಟಿಪ್, ಆಂಟ್ ಹೀಗೆ ಹತ್ತಾರು ಪದ ಓದಬಹುದು. ಇಲ್ಲಿ ಕನ್ನಡ ಬರುವ ಮಗುವಿಗೆ ಒಂದು ಅನುಕೂಲ ಇದೆ: 'ಟ' ಮತ್ತು 'ಟ್' ಬೇರೆ ಬೇರೆ ಅಂತ ಅವಳಿಗೆ ಗೊತ್ತು. ಟಿ ಅನ್ನುವ ಅಕ್ಷರದ ಸದ್ದು 'ಟ್' ಅಂತ ಹೇಳಿ, 'ಟ' ಅಲ್ಲ. 'ಪ', 'ಇ', 'ನ' ಅಂತ ಸೇರಿಸಿದರೆ 'ಪಿನ' ಆಗುತ್ತದೆ, 'ಪ್', 'ಇ', 'ನ್' ಅಂದರೆ ತಾನಾಗಿ 'ಪಿನ್' ಆಗುತ್ತದೆ. ಎಲ್ಲ ಇಂಗ್ಲಿಷ್ ಪದವೂ ಹೀಗೆ ಸದ್ದಿಗೆ ಸಿಗುವುದಿಲ್ಲ, 'ದ', 'ವಾಸ್', 'ಸೆಡ್' ಥರದವನ್ನು ನೋಡಿಯೇ ಗುರುತಿಸಬೇಕು. ಅವನ್ನು ಚೀಟಿಯಲ್ಲಿ ದಪ್ಪಗೆ ಬರೆದು ಫ್ರಿಡ್ಜಿಗೋ ಬಾಗಿಲಿಗೋ ಅಂಟಿಸಿ, ಒಂದು ಸಲಕ್ಕೆ ಎರಡು ಮೂರಕ್ಕಿಂತ ಜಾಸ್ತಿ ಬೇಡ.

ನಿಮ್ಮ ಇಂಗ್ಲಿಷಿನಿಂದ ಅವಳದ್ದು ಹಾಳಾಗುತ್ತಾ? ಇಲ್ಲ. ನೀವು 'ಎಗ್'ಗೆ 'ಯೆಗ್' ಅಂದರೆ ಪ್ರಪಂಚ ಮುಳುಗುವುದಿಲ್ಲ, ಕರ್ನಾಟಕದ ಅರ್ಧ ಜನ ಹಾಗೇ ಅನ್ನುವುದು. ಅರ್ಥ ಬದಲಾಗುವ ಜೋಡಿಗಳಲ್ಲಿ ಮಾತ್ರ ಜಾಗ್ರತೆ ಇರಲಿ, 'ಸ್ನೇಕ್' ಮತ್ತು 'ಸ್ನ್ಯಾಕ್', 'ಹೋಲ್' ಮತ್ತು 'ಹಾಲ್', 'ಪೇಪರ್' ಮತ್ತು 'ಪೆಪರ್' ಥರದವು. ಅನುಮಾನ ಬಂದರೆ ಫೋನಿನ ಡಿಕ್ಷನರಿಯಲ್ಲಿ ಆ ಪದ ಒತ್ತಿ ಇಬ್ಬರೂ ಒಟ್ಟಿಗೆ ಕೇಳಿ. ಗೊತ್ತಿಲ್ಲದ್ದನ್ನು ಅಮ್ಮನೂ ಹುಡುಕುತ್ತಾಳೆ ಅನ್ನುವುದನ್ನು ಮಗು ನೋಡಲಿ. ಗೊತ್ತಿಲ್ಲದ ವಾಕ್ಯವನ್ನು ತಪ್ಪು ತಪ್ಪಾಗಿ ಕಟ್ಟುವುದಕ್ಕಿಂತ, ಗೊತ್ತಿರುವ ಚಿಕ್ಕ ವಾಕ್ಯಗಳನ್ನೇ ಧಾರಾಳವಾಗಿ ಬಳಸಿ. ಹತ್ತನೇ ಕ್ಲಾಸು ಮುಗಿಸಿದ ನಿಮಗೆ ಅಂಥವು ಬೇಕಾದಷ್ಟು ಗೊತ್ತು.

ಹೊತ್ತು ಯಾವಾಗ ಅಂದರೆ, ರಾತ್ರಿ ಅಡುಗೆ ಹೊತ್ತು ಒಳ್ಳೆಯದು, ಹದಿನೈದು ಇಪ್ಪತ್ತು ನಿಮಿಷ. 'ಗಿವ್ ಮಿ ಟೂ ಆನಿಯನ್ಸ್' ಅನ್ನಿ, ಮೂರು ಕೊಟ್ಟರೆ 'ನೋ, ಟೂ ಆನಿಯನ್ಸ್' ಅನ್ನಿ. ಆಮೇಲೆ ಪಾತ್ರ ಬದಲಿಸಿ, ಅವಳು ಕೇಳಲಿ, ನೀವು ಬೇಕಂತಲೇ ತಪ್ಪು ಸಾಮಾನು ಕೊಡಿ. ಅಮ್ಮನ ತಪ್ಪು ಹಿಡಿಯುವುದಕ್ಕೆ ಯಾವ ಮಗುವೂ ಹಿಂದೆ ಬೀಳುವುದಿಲ್ಲ. ಒಂದು ವಾರ ಅದೇ ನಾಲ್ಕೈದು ವಾಕ್ಯ. ನಿಮಗೆ ಬೋರ್ ಆಗುತ್ತದೆ, ಅವಳಿಗೆ ಆಗುವುದಿಲ್ಲ. ಮುಂದಿನ ವಾರ ಹೊಸದು ಎರಡು ಸೇರಿಸಿ, ಹಳೆಯದನ್ನು ಬಿಡಬೇಡಿ. ಯೂಟ್ಯೂಬ್ ಹಾಡು, ಆಪ್ ಬಳಸುವುದಾದರೆ ಒಂದೇ ಹಾಡನ್ನು ವಾರವಿಡೀ ಜೊತೆಗೆ ಕೂತು ಹಾಡಿ. ಒಬ್ಬಳನ್ನೇ ಫೋನ್ ಕೊಟ್ಟು ಕೂರಿಸಿದರೆ ಅವಳು ಕಲಿಯುವುದು ಸ್ಕಿಪ್ ಒತ್ತುವುದನ್ನು.

ಟ್ಯೂಷನ್ ವಿಷಯದಲ್ಲಿ ನನ್ನ ಮಾತು ನೇರ. ಮಗುವಿಗೆ ಹೊಟ್ಟೆನೋವು ಬರಿಸುವ ಪಾಠ ಮುಂದುವರಿಸಬೇಡಿ. ಹೊಟ್ಟೆನೋವನ್ನು ಒಂದು ಸಲ ಡಾಕ್ಟರಿಗೂ ತೋರಿಸಿ, ಅದು ನೆಪ ಅಂತ ನಾವೇ ತೀರ್ಮಾನ ಮಾಡುವುದು ಬೇಡ. ಪೂರ್ತಿ ಬಿಡಿಸುವ ಮೊದಲು ಆ ಟೀಚರ್ ಜೊತೆ ಮಾತಾಡಿ ನೋಡಬಹುದು. ಅವರದ್ದೂ ತಪ್ಪು ಅಂತಲ್ಲ, ನೋಟ್‌ಬುಕ್ ತುಂಬಿದ್ದರೆ ತಾನೇ ನಮ್ಮಂಥ ಅಪ್ಪ ಅಮ್ಮ ಫೀಸು ಕೊಡುವುದು? ಬರೆಸುವುದು ಕಡಿಮೆ ಮಾಡಿ, ಕಥೆ ಪುಸ್ತಕ ಓದಿಸಿ, ಮಾತಾಡಿಸಿ ಅಂತ ಕೇಳಿ. ಒಪ್ಪಿದರೆ ಸರಿ. ಒಪ್ಪದಿದ್ದರೆ ಬಿಡಿಸಿ. ಬಿಡಿಸಿದರೆ ಒಂದು ನಷ್ಟ ಇದೆ, ಶಾಲೆಯ ಟೆಸ್ಟಿನಲ್ಲಿ ಕೆಲವು ಮಾರ್ಕ್ಸ್ ಕಡಿಮೆ ಬರಬಹುದು, ಯಾಕೆಂದರೆ ಅಲ್ಲಿ ಕೇಳುವುದು ಬಾಯಿಪಾಠವನ್ನೇ. ಮೂರನೇ ಕ್ಲಾಸಿನಲ್ಲಿ ಆ ನಷ್ಟ ತಡೆದುಕೊಳ್ಳಬಹುದು. ವ್ಯಾಕರಣದ ಹೆಸರು, ನಿಯಮ, ಟೆನ್ಸ್ ಟೇಬಲ್ ಯಾವತ್ತೂ ಬೇಡ ಅಂತಲ್ಲ. ಆರು ಏಳನೇ ಕ್ಲಾಸಿನ ಹೊತ್ತಿಗೆ, ಬಾಯಲ್ಲಿ ಸಾಕಷ್ಟು ವಾಕ್ಯ ಇದ್ದಾಗ, ನಿಯಮ ಹೇಳಿದರೆ 'ಓ ಇದಾ' ಅಂತ ತಟ್ಟನೆ ಹಿಡಿಯುತ್ತಾರೆ. ಆಗ ಅದು ನಿಜವಾಗಲೂ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಇಂಗ್ಲಿಷ್ ಮೀಡಿಯಂ. ಇದು ನಿಮ್ಮ ಹಕ್ಕು, 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಕೇಸಿನಲ್ಲೇ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ಹೇಳಿದೆ. 2019-20ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಗಿದೆ. ಹಾಕಬೇಡಿ ಅಂತ ಹೇಳಲು ನಾನ್ಯಾರು? ಆದರೆ ಒಂದು ಲೆಕ್ಕ ನೋಡಿ. ಕೆನಡಾಕ್ಕೆ ವಲಸೆ ಬಂದ ಮಕ್ಕಳನ್ನು ಜಿಮ್ ಕಮಿನ್ಸ್ ಅನ್ನುವ ವಿದ್ವಾಂಸರು ನೋಡಿದಾಗ, ಆಟದ ಮೈದಾನದ ಇಂಗ್ಲಿಷ್ ಬರಲು ಸುಮಾರು 2 ವರ್ಷ, ಪಾಠ ಓದಿ ಅರ್ಥ ಮಾಡಿಕೊಂಡು ಬರೆಯುವ ಇಂಗ್ಲಿಷಿನಲ್ಲಿ ಉಳಿದವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕಾಯಿತು. ಅದು ಬೀದಿ, ಅಂಗಡಿ, ಟಿವಿ ಎಲ್ಲ ಇಂಗ್ಲಿಷೇ ಇರುವ ದೇಶ. ನಿಮ್ಮ ಮಗಳು ನಾಲ್ಕನೇ ಕ್ಲಾಸಿಗೆ ಹೋಗಿ ಕೂತರೆ ಮೊದಲ ದಿನದಿಂದಲೇ ಪರಿಸರ ಅಧ್ಯಯನ, ಗಣಿತ ಎಲ್ಲ ಇಂಗ್ಲಿಷಿನಲ್ಲಿ. ಈಗ ಲೆಕ್ಕದಲ್ಲಿ ಪರವಾಗಿಲ್ಲ ಅನ್ನುತ್ತೀರಲ್ಲ, ಅದೂ ಕುಸಿಯುವ ಸಾಧ್ಯತೆ ಜಾಸ್ತಿ, ಲೆಕ್ಕ ಬರದೇ ಅಲ್ಲ, ಪ್ರಶ್ನೆ ಅರ್ಥವಾಗದೇ. ಇಲ್ಲೇ ಮುಂದುವರಿಸಿದರೂ ರಿಸ್ಕ್ ಇಲ್ಲ ಅಂತಲ್ಲ. ಮನೆಯ ಆ ಇಪ್ಪತ್ತು ನಿಮಿಷ ನಿಂತುಹೋದರೆ, ಶಾಲೆಯಲ್ಲಿ ಇಂಗ್ಲಿಷ್ ಪಾಠ ಸರಿಯಾಗಿ ನಡೆಯದಿದ್ದರೆ, ಮುಂದೆ ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಮೀಡಿಯಂ ಬದಲಾದಾಗ ಅವಳಿಗೆ ಬಹಳ ಕಷ್ಟವಾಗುತ್ತದೆ.

ನನ್ನನ್ನು ಕೇಳಿದರೆ ಈ ಜೂನ್ ಬೇಡ. ಆರನೇ ಕ್ಲಾಸಿಗೆ ಬದಲಿಸುವ ಮನಸ್ಸಿದ್ದರೆ ಅಲ್ಲಿಯವರೆಗೆ ಸಣ್ಣ ಇಂಗ್ಲಿಷ್ ಕಥೆ ಪುಸ್ತಕ ತಾನೇ ಓದುವಷ್ಟು ತಯಾರಿ ಮಾಡಿಸಿ, ಕೊನೆಯ ವರ್ಷ ಗಣಿತದ ಪದಗಳನ್ನು ಎರಡೂ ಭಾಷೆಯಲ್ಲಿ ಪರಿಚಯ ಮಾಡಿಸಿ. ಇಲ್ಲ, ಈಗಲೇ ಬದಲಿಸುತ್ತೇವೆ ಅಂತ ನಿರ್ಧಾರ ಮಾಡಿದ್ದರೆ, ಶಾಲೆಯ ಬೋರ್ಡು, ಬಸ್ಸು, ಟೈ ನೋಡಿ ಹಾಕಬೇಡಿ. ಎಷ್ಟೋ ಕಡೆ ಪುಸ್ತಕ ಮಾತ್ರ ಇಂಗ್ಲಿಷ್, ಪಾಠ ಕನ್ನಡದಲ್ಲೇ ಹೇಳಿ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಾರೆ. ಅಲ್ಲಿ ನಾಲ್ಕನೇ ಕ್ಲಾಸಿನಲ್ಲಿ ಓದುತ್ತಿರುವ ಯಾವುದಾದರೂ ಮಗುವಿನ ಪರಿಸರ ಅಧ್ಯಯನದ ನೋಟ್‌ಬುಕ್ ಕೇಳಿ ತಗೊಳ್ಳಿ. ಒಂದು ಉತ್ತರ ತೋರಿಸಿ, ಇದರಲ್ಲಿ ಏನು ಬರೆದಿದ್ದೀಯ ಅಂತ ಕನ್ನಡದಲ್ಲೇ ಹೇಳಲು ಹೇಳಿ. ನಾಲ್ಕೈದು ಮಕ್ಕಳನ್ನು ಹೀಗೆ ಕೇಳಿ. ಹೇಳಿದರೆ ಆ ಶಾಲೆಯ ಬಗ್ಗೆ ಯೋಚನೆ ಮಾಡಬಹುದು. ಒಬ್ಬರಿಗೂ ಹೇಳಲು ಆಗದಿದ್ದರೆ ಅಡ್ಮಿಷನ್ ಫಾರಂಗೆ ದುಡ್ಡು ಕೊಡಬೇಡಿ.